ಲ್ಯಾಪ್‌ಟಾಪ್ ಆನ್ ಆಗುವಾಗಲೇ ವೈಫೈ, ಬ್ಲೂಟೂತ್ ಆಫ್ ಇರಬೇಕಾ? ಹೀಗೆ ಮಾಡಿ

ಒಂದು ದಿನ ನಾನು ಲ್ಯಾಪ್‌ಟಾಪ್ ತೆರೆದಿದ್ದು ಬರೀ ಒಂದು ಪತ್ರ ಟೈಪ್ ಮಾಡೋಕೆ. ಇಂಟರ್ನೆಟ್ ಬೇಕೇ ಇರಲಿಲ್ಲ. ಪಕ್ಕದಲ್ಲಿದ್ದ ಫೋನಿನಲ್ಲಿ ಹಾಟ್‌ಸ್ಪಾಟ್ ಹಿಂದಿನ ರಾತ್ರಿಯಿಂದ ಆನ್ ಆಗಿಯೇ ಇತ್ತು, ನನಗೆ ಮರೆತುಹೋಗಿತ್ತು. ನಾನು ಪಾಸ್‌ವರ್ಡ್ ಹಾಕುವ ಮೊದಲೇ ಲ್ಯಾಪ್‌ಟಾಪ್ ಆ ಹಾಟ್‌ಸ್ಪಾಟ್‌ಗೆ ಸೇರಿಕೊಂಡಿತ್ತು. ಪತ್ರ ಮುಗಿಯುವಷ್ಟರಲ್ಲಿ ಅಪ್‌ಡೇಟ್‌ಗಳು ಇಳಿದು, ಫೋಟೊಗಳು ಕ್ಲೌಡ್‌ಗೆ ಏರಿ, ಫೋನಿನ ಡೇಟಾ ಖಾಲಿ.

ವೈಫೈ ಆಫ್ ಮಾಡೋದು ಯಾರಿಗೆ ಗೊತ್ತಿಲ್ಲ ಹೇಳಿ? ಮೂಲೆಯಲ್ಲಿರುವ ಐಕಾನ್ ಒತ್ತಿದರೆ ಮುಗಿಯಿತು. ಆದರೆ ಆ ಐಕಾನ್ ಕಣ್ಣಿಗೆ ಬೀಳುವುದು ಲಾಗಿನ್ ಹೊತ್ತಿಗೆ. ವಿಂಡೋಸ್ ಲ್ಯಾಪ್‌ಟಾಪ್ ಒಂದು ಸಲ ನೋಡಿದ ವೈಫೈಗೆ ಲಾಗಿನ್ ಪರದೆ ಕಾಣಿಸುವಾಗಲೇ ಸೇರಿಕೊಳ್ಳಬಲ್ಲದು. ಅಂದ್ರೆ ನಮ್ಮ ಕೈ ಸ್ವಿಚ್ ಮುಟ್ಟುವ ಮೊದಲೇ ಕೆಲಸ ನಡೆದುಹೋಗಿರುತ್ತದೆ. ಬ್ಯಾಟರಿ ಉಳಿಸಬೇಕು, ವಿಮಾನದಲ್ಲಿ ಕೂತು ತೆರೆಯಬೇಕು, ಯಾರದೋ ಗುಟ್ಟಿನ ಕಡತ ಇಟ್ಟುಕೊಂಡು ಕೆಲಸ ಮಾಡಬೇಕು, ಇಲ್ಲಾ ಸುಮ್ನೆ ಗಮನ ಚದುರದಂತೆ ಬರೆಯಬೇಕು. ಕಾರಣ ಯಾವುದೇ ಇರಲಿ, ಆನ್ ಆಗುವ ಆ ಮೊದಲ ಕ್ಷಣದಿಂದಲೇ ರೇಡಿಯೊ (ವೈಫೈ, ಬ್ಲೂಟೂತ್ ಅಲೆಗಳನ್ನು ಕಳಿಸುವ ಭಾಗ) ಸುಮ್ಮನಿರಬೇಕು ಅನ್ನೋದು ನ್ಯಾಯವಾದ ಆಸೆ.

ಇನ್ನೊಂದು ವಿಷಯವೂ ಇದೆ. ಯಾವ ನೆಟ್‌ವರ್ಕಿಗೂ ಸೇರದಿದ್ದಾಗಲೂ ವೈಫೈ ಬಾಯಿ ಮುಚ್ಚಿಕೊಂಡಿರೋದಿಲ್ಲ. ಸುತ್ತ ಯಾರಿದ್ದಾರೆ ಅಂತ ಆಗಾಗ ಕೂಗಿ ಕೇಳುತ್ತದೆ. ಹೆಸರು ಮುಚ್ಚಿಟ್ಟ ನೆಟ್‌ವರ್ಕ್ ಒಂದನ್ನು ನೀವು ಸೇವ್ ಮಾಡಿಕೊಂಡಿದ್ದರೆ, ಅದರ ಹೆಸರನ್ನೇ ಹಿಡಿದು ಕೂಗುತ್ತದೆ. ಹಾಗಾಗಿ 'ಕನೆಕ್ಟ್ ಆಗಿಲ್ಲ' ಅನ್ನೋದೂ 'ಆಫ್ ಆಗಿದೆ' ಅನ್ನೋದೂ ಒಂದೇ ಅಲ್ಲ.

ನಿಮಗೆ ಬೇಕಿರೋದು ನೆನಪೋ, ನಿಯಮವೋ, ಬೀಗವೋ?

ಸೆಟ್ಟಿಂಗ್ ಮುಟ್ಟುವ ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ. ಜನ ಎಡವೋದು ಇಲ್ಲೇ.

ನೆನಪು ಅಂದ್ರೆ, ನೀವು ಹೋದ ಸಲ ಹೇಗೆ ಬಿಟ್ಟಿರೋ ಹಾಗೇ ಲ್ಯಾಪ್‌ಟಾಪ್ ಮತ್ತೆ ಶುರುವಾಗುತ್ತದೆ. ಆಫ್ ಮಾಡಿ ಮುಚ್ಚಿದ್ದರೆ ಆಫ್, ಆನ್ ಇಟ್ಟು ಮುಚ್ಚಿದ್ದರೆ ಆನ್. ಏರೋಪ್ಲೇನ್ ಮೋಡ್ ಈ ಜಾತಿಯದು.

ನಿಯಮ ಅಂದ್ರೆ, ನೀವು ಹೇಗೇ ಬಿಟ್ಟಿರಲಿ, ಪ್ರತಿ ಸಲ ಆಫ್ ಆಗಿಯೇ ಶುರು. ಮಧ್ಯಾಹ್ನ ಒಂದು ಗಂಟೆ ವೈಫೈ ಆನ್ ಮಾಡಿ, ಆಫ್ ಮಾಡೋದು ಮರೆತು ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿದಿರಿ ಅಂದುಕೊಳ್ಳಿ. ನೆನಪಿನ ದಾರಿ ಹಿಡಿದವರ ಲ್ಯಾಪ್‌ಟಾಪ್ ಮರುದಿನ ಆನ್ ಆಗಿಯೇ ಏಳುತ್ತದೆ. ನಿಯಮ ಇಟ್ಟವರದು ವೈಫೈ ಆಫ್ ಆಗಿಯೇ ಏಳುತ್ತದೆ.

ಬೀಗ ಅಂದ್ರೆ, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ವೈಫೈ ಚಿಪ್ ಇದೆ ಅಂತಲೇ ಗೊತ್ತಾಗದ ಹಾಗೆ ಕೆಳಗಿನಿಂದಲೇ ಮುಚ್ಚಿಬಿಡೋದು. ಇದನ್ನು ಬಯೋಸ್‌ನಲ್ಲಿ, ಅಂದ್ರೆ ವಿಂಡೋಸ್ ಶುರುವಾಗುವ ಮೊದಲೇ ಓಡುವ ಲ್ಯಾಪ್‌ಟಾಪ್‌ನ ಮೂಲ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಾರೆ.

ದಿನವೂ ಇಂಟರ್ನೆಟ್ ಬೇಕಿರುವವರಿಗೆ ನೆನಪು ಸಾಕು. ನನ್ನ ಹಾಗೆ ಮರೆಯುವವರಿಗೆ ನಿಯಮ ಬೇಕು. ಇಂಟರ್ನೆಟ್ಟೇ ಬೇಡದ ಯಂತ್ರಕ್ಕೆ ಬೀಗ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ

ನಿಮ್ಮ ಮೌಸ್ ಮತ್ತು ಕೀಬೋರ್ಡ್ ಹೇಗೆ ಜೋಡಣೆಯಾಗಿವೆ ನೋಡಿಕೊಳ್ಳಿ. ನನ್ನ ಮೌಸ್ ಬ್ಲೂಟೂತ್‌ನದು. ಟಚ್‌ಪ್ಯಾಡ್ ಕೈಗೆ ತಾಗುತ್ತದೆ ಅಂತ ಅದನ್ನು ಯಾವಾಗಲೋ ಆಫ್ ಮಾಡಿಟ್ಟಿದ್ದೆ. ಬ್ಲೂಟೂತ್ ಆಫ್ ಮಾಡಿದ ತಕ್ಷಣ ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತು. ಟ್ಯಾಬ್ ಕೀ, ಬಾಣದ ಕೀಗಳನ್ನು ಒತ್ತುತ್ತಾ ಮತ್ತೆ ಆ ಸ್ವಿಚ್ ತನಕ ಹೋಗೋಕೆ ಹತ್ತು ನಿಮಿಷ ಹಿಡಿಯಿತು. ಟಚ್‌ಪ್ಯಾಡ್ ಕೆಲಸ ಮಾಡುತ್ತಿದೆಯಾ ಅಂತ ಮೊದಲೇ ನೋಡಿ. ತಂತಿಯ ಮೌಸ್ ಒಂದು ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ಯುಎಸ್‌ಬಿ ತೂತಿಗೆ ಚಿಕ್ಕ ಡಾಂಗಲ್ ಚುಚ್ಚಿ ಬಳಸುವ ಮೌಸ್‌ಗಳ ಕಥೆ ಬೇರೆ. ಅವು ಏರೋಪ್ಲೇನ್ ಮೋಡ್ ಮಾತು ಕೇಳೋದಿಲ್ಲ. ವಿಂಡೋಸ್ ಕಣ್ಣಿಗೆ ಅದು ಬರೀ ಒಂದು ಯುಎಸ್‌ಬಿ ಮೌಸ್. ಆದರೆ ಡಾಂಗಲ್ ಮತ್ತು ಮೌಸ್ ನಡುವೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನ ರೇಡಿಯೊ ಮಾತುಕತೆ ನಡೆಯುತ್ತಲೇ ಇರುತ್ತದೆ. ಪೂರ್ತಿ ರೇಡಿಯೊ ಮೌನ ಬೇಕಿದ್ದರೆ ಡಾಂಗಲ್ ಕಿತ್ತಿಡಿ. ಅದಕ್ಕೆ ಬೇರೆ ಉಪಾಯ ಇಲ್ಲ.

ವಿಂಡೋಸ್: ಸುಲಭದ ದಾರಿ

ವಿಂಡೋಸ್ 10 ಮತ್ತು 11 ಎರಡರಲ್ಲೂ ಸೆಟ್ಟಿಂಗ್ಸ್ ತೆರೆದು 'ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್'ಗೆ ಹೋಗಿ 'ಏರೋಪ್ಲೇನ್ ಮೋಡ್' ಆನ್ ಮಾಡಿ. ವೈಫೈ, ಬ್ಲೂಟೂತ್, ಸಿಮ್ ಇರುವ ಲ್ಯಾಪ್‌ಟಾಪ್ ಆದರೆ ಅದರ ಮೊಬೈಲ್ ಡೇಟಾ, ಎಲ್ಲವೂ ಒಟ್ಟಿಗೆ ಆಫ್ ಆಗುತ್ತವೆ. ಆಮೇಲೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ ಸ್ಥಿತಿ ಇರುತ್ತದೆ. ತುಂಬ ಜನರಿಗೆ ಇಷ್ಟೇ ಸಾಕು.

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಪುಟ್ಟ ವಿಮಾನದ ಇಲ್ಲಾ ಆಂಟೆನಾದ ಚಿತ್ರವಿರುವ ಕೀ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಎಡಕ್ಕೆ ಬಲಕ್ಕೆ ಜರುಗಿಸುವ ಸ್ವಿಚ್ ಇರುತ್ತಿತ್ತು. ನಿಮ್ಮದರಲ್ಲಿ ಅದಿದ್ದರೆ ನೀವು ಅದೃಷ್ಟವಂತರು. ಆ ಸ್ವಿಚ್ ಆಫ್ ಇದ್ದಾಗ ಯಾವ ಸಾಫ್ಟ್‌ವೇರ್ ಕೂಡ ರೇಡಿಯೊ ಆನ್ ಮಾಡೋಕೆ ಆಗೋದಿಲ್ಲ. ಮುಂದಿನದನ್ನೆಲ್ಲ ಓದುವ ಅಗತ್ಯವೂ ನಿಮಗಿಲ್ಲ.

ಏರೋಪ್ಲೇನ್ ಮೋಡ್ ಬೇಡ, ವೈಫೈ ಮಾತ್ರ ಆಫ್ ಇರಲಿ ಅನ್ನುವವರು ಒಂದು ಕಡೆ ಹುಷಾರಾಗಿರಿ. ವಿಂಡೋಸ್ 10ರಲ್ಲಿ ವೈಫೈ ಆಫ್ ಮಾಡಿದ ಕೂಡಲೇ ಕೆಳಗೆ ಇನ್ನೊಂದು ಆಯ್ಕೆ ಮೂಡುತ್ತದೆ: 'ಟರ್ನ್ ವೈಫೈ ಬ್ಯಾಕ್ ಆನ್'. ಅಲ್ಲಿ ಒಂದು ಗಂಟೆ, ನಾಲ್ಕು ಗಂಟೆ, ಒಂದು ದಿನ ಅಂತೆಲ್ಲ ಇರುತ್ತದೆ. ಅದರಲ್ಲಿ 'ಮ್ಯಾನ್ಯುಯಲಿ' ಇರಬೇಕು. ಬೇರೆ ಏನಾದರೂ ಇದ್ದರೆ ಹೊತ್ತು ಮುಗಿದ ಮೇಲೆ ವೈಫೈ ತಾನಾಗಿ ಏಳುತ್ತದೆ. "ನಾನು ಆಫ್ ಮಾಡಿದ್ದೆ, ಅದಾಗಿಯೇ ಆನ್ ಆಗಿದೆ" ಅನ್ನುವ ಎಷ್ಟೋ ದೂರುಗಳ ಬೇರು ಇಲ್ಲಿದೆ.

ವಿಂಡೋಸ್: ನಿಯಮ ಇಡುವ ದಾರಿ

ಇದು ನನಗೆ ತುಂಬ ಹಿಡಿಸಿದ ದಾರಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಲ್ಯಾಪ್‌ಟಾಪ್ ಶುರುವಾದಾಗಲೆಲ್ಲ ವೈಫೈ ಅಡಾಪ್ಟರ್ (ವೈಫೈ ನಡೆಸುವ ಒಳಗಿನ ಭಾಗ) ಅನ್ನು ಆಫ್ ಮಾಡು ಅಂತ ವಿಂಡೋಸ್‌ಗೆ ಒಂದು ಕಾಯಂ ಕೆಲಸ ಒಪ್ಪಿಸುತ್ತೇವೆ. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಬೇಕು. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಮೊದಲು ಅಲ್ಲಿನವರನ್ನು ಕೇಳಿ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

1. ಮೊದಲು ಅಡಾಪ್ಟರ್ ಹೆಸರು ತಿಳಿದುಕೊಳ್ಳಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ 'ಎನ್‌ಸಿಪಿಎ ಡಾಟ್ ಸಿಪಿಎಲ್' ಟೈಪ್ ಮಾಡಿ ಎಂಟರ್ ಒತ್ತಿ. ನೆಟ್‌ವರ್ಕ್ ಕನೆಕ್ಷನ್‌ಗಳ ಕಿಟಕಿ ತೆರೆಯುತ್ತದೆ. ಪ್ರತಿ ಐಕಾನಿನ ಪಕ್ಕ ಮೂರು ಸಾಲು ಇರುತ್ತವೆ. ಮೊದಲ ಸಾಲೇ ಹೆಸರು. ಸಾಮಾನ್ಯವಾಗಿ 'ವೈ-ಫೈ' ಅಂತ, ನಡುವೆ ಅಡ್ಡಗೆರೆ ಹಾಕಿ ಇರುತ್ತದೆ. ಕೆಲವರದು 'ವೈ-ಫೈ 2' ಆಗಿರಬಹುದು. ಒಂದಕ್ಷರವೂ ತಪ್ಪದ ಹಾಗೆ ಬರೆದಿಟ್ಟುಕೊಳ್ಳಿ.

2. ಕಮಾಂಡ್ ಒಮ್ಮೆ ಕೈಯಾರೆ ಓಡಿಸಿ ನೋಡಿ. ಸ್ಟಾರ್ಟ್ ಮೆನುವಿನಲ್ಲಿ 'ಕಮಾಂಡ್ ಪ್ರಾಂಪ್ಟ್' ಹುಡುಕಿ, ಬಲ ಕ್ಲಿಕ್ ಮಾಡಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಅಲ್ಲಿ ಟೈಪ್ ಮಾಡಬೇಕಾದ್ದು: ನೆಟ್‌ಶ್ ಇಂಟರ್ಫೇಸ್ ಸೆಟ್ ಇಂಟರ್ಫೇಸ್ "ವೈ-ಫೈ" ಡಿಸೇಬಲ್ಡ್. ಮೊದಲ ಪದದ ಕಾಗುಣಿತ ಎನ್, ಇ, ಟಿ, ಎಸ್, ಎಚ್. ಹೆಸರು ಜೋಡಿ ಉದ್ಧರಣ ಚಿಹ್ನೆಯ ಒಳಗೇ ಇರಬೇಕು. ಎಂಟರ್ ಒತ್ತಿ, ಮೊದಲು ತೆರೆದಿದ್ದ ಕಿಟಕಿ ನೋಡಿ. ವೈಫೈ ಐಕಾನ್ ಬಣ್ಣ ಕಳೆದುಕೊಂಡು ಬೂದಿಯಾಗಿರುತ್ತದೆ. ಹಾಗೆ ಆಗಿದ್ದರೆ ಸರಿ. ಆಗದಿದ್ದರೆ ಹೆಸರು ತಪ್ಪಾಗಿದೆ.

3. ಸ್ಟಾರ್ಟ್ ಮೆನುವಿನಲ್ಲಿ 'ಟಾಸ್ಕ್ ಶೆಡ್ಯೂಲರ್' ತೆರೆಯಿರಿ. ಬಲಗಡೆ 'ಕ್ರಿಯೇಟ್ ಟಾಸ್ಕ್' ಒತ್ತಿ. ಅದರ ಹತ್ತಿರವೇ ಇರುವ 'ಕ್ರಿಯೇಟ್ ಬೇಸಿಕ್ ಟಾಸ್ಕ್' ಬೇಡ, ಅದರಲ್ಲಿ ನಮಗೆ ಬೇಕಾದ ಆಯ್ಕೆಗಳು ಎದುರಿಗೇ ಸಿಗೋದಿಲ್ಲ. ಒಂದು ಹೆಸರು ಕೊಡಿ. 'ಚೇಂಜ್ ಯೂಸರ್ ಆರ್ ಗ್ರೂಪ್' ಒತ್ತಿ 'ಸಿಸ್ಟಮ್' ಅಂತ ಟೈಪ್ ಮಾಡಿ ಓಕೆ ಕೊಡಿ. 'ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್' ಗುರುತು ಹಾಕಿ.

4. 'ಟ್ರಿಗರ್ಸ್' (ಟಾಸ್ಕ್ ಯಾವಾಗ ಓಡಬೇಕು ಅಂತ ಹೇಳುವ) ಪುಟದಲ್ಲಿ 'ನ್ಯೂ' ಒತ್ತಿ 'ಆ್ಯಟ್ ಸ್ಟಾರ್ಟಪ್' ಆರಿಸಿ. ಇನ್ನೊಮ್ಮೆ 'ನ್ಯೂ' ಒತ್ತಿ 'ಆ್ಯಟ್ ಲಾಗ್ ಆನ್' ಕೂಡ ಸೇರಿಸಿ. ಎರಡೂ ಯಾಕೆ ಅಂತ ಕೆಳಗೆ ಹೇಳುತ್ತೇನೆ.

5. 'ಆ್ಯಕ್ಷನ್ಸ್' ಪುಟದಲ್ಲಿ 'ನ್ಯೂ'. ಪ್ರೋಗ್ರಾಮ್ ಜಾಗದಲ್ಲಿ 'ನೆಟ್‌ಶ್' ಮಾತ್ರ. ಕಮಾಂಡಿನ ಉಳಿದ ಭಾಗವೆಲ್ಲ ಕೆಳಗಿನ 'ಆ್ಯಡ್ ಆರ್ಗ್ಯುಮೆಂಟ್ಸ್' ಜಾಗದಲ್ಲಿ.

6. 'ಕಂಡೀಷನ್ಸ್' ಪುಟಕ್ಕೆ ಹೋಗಿ 'ಸ್ಟಾರ್ಟ್ ದ ಟಾಸ್ಕ್ ಓನ್ಲಿ ಇಫ್ ದ ಕಂಪ್ಯೂಟರ್ ಈಸ್ ಆನ್ ಎಸಿ ಪವರ್' ಅನ್ನುವ ಗುರುತು ತೆಗೆಯಿರಿ. ಓಕೆ ಒತ್ತಿ ಮುಗಿಸಿ.

ಆರನೆಯ ಹೆಜ್ಜೆಯನ್ನು ಬಿಡಲೇಬೇಡಿ. ಆ ಗುರುತು ಮೊದಲಿನಿಂದಲೇ ಹಾಕಿರುತ್ತದೆ. ತೆಗೆಯದಿದ್ದರೆ ಚಾರ್ಜರ್ ಸಿಕ್ಕಿಸಿದಾಗ ಎಲ್ಲ ಸರಿಯಾಗಿ ನಡೆಯುತ್ತದೆ, ಬ್ಯಾಟರಿ ಮೇಲೆ ಓಡುವಾಗ ಮಾತ್ರ ಟಾಸ್ಕ್ ಸುಮ್ಮನೆ ಕೂತಿರುತ್ತದೆ. ಮೇಜಿನ ಮುಂದೆ ಕೂತು ಪರೀಕ್ಷೆ ಮಾಡಿದಾಗ ಸರಿಯಿರುತ್ತದೆ, ಹೊರಗೆ ಹೋದಾಗ ಕೈಕೊಡುತ್ತದೆ. ಅದೇ ಅಲ್ವಾ ನಮಗೆ ಜಾಸ್ತಿ ಬೇಕಿರುವ ಹೊತ್ತು?

ಈಗ ಎರಡು ಟ್ರಿಗರ್ ಯಾಕೆ ಅಂತ ನೋಡೋಣ. ವಿಂಡೋಸ್ 8 ಬಂದಾಗಿನಿಂದ 'ಫಾಸ್ಟ್ ಸ್ಟಾರ್ಟಪ್' ಅನ್ನುವ ಸೌಲಭ್ಯ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಒಳತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮತ್ತೆ ಆನ್ ಮಾಡಿದಾಗ ಹೊಸದಾಗಿ ಹುಟ್ಟುವ ಬದಲು ಬರೆದಿಟ್ಟದ್ದನ್ನೇ ಎತ್ತಿಕೊಂಡು ಮುಂದುವರಿಯುತ್ತದೆ. ವಿಂಡೋಸ್ ಲೆಕ್ಕದಲ್ಲಿ ಅದು 'ಸ್ಟಾರ್ಟಪ್' ಅಲ್ಲ. ಹಾಗಾಗಿ ಬರೀ ಸ್ಟಾರ್ಟಪ್ ಟ್ರಿಗರ್ ನಂಬಿ ಕೂರುವಂತಿಲ್ಲ. ಲಾಗ್ ಆನ್ ಟ್ರಿಗರ್ ಆ ಕೊರತೆ ತುಂಬುತ್ತದೆ. ಪರದೆ ಲಾಕ್ ಆಗಿ ಮತ್ತೆ ತೆರೆಯೋದು ಲಾಗ್ ಆನ್ ಅಲ್ಲ. ಆದ್ದರಿಂದ ದಿನದ ನಡುವೆ ನೀವು ಬೇಕಂತಲೇ ಆನ್ ಮಾಡಿಕೊಂಡ ವೈಫೈ ಕಟ್ ಆಗೋದಿಲ್ಲ.

ಇನ್ನೂ ಗಟ್ಟಿ ಮಾಡಬೇಕು ಅಂದ್ರೆ ಫಾಸ್ಟ್ ಸ್ಟಾರ್ಟಪ್ ಅನ್ನೇ ತೆಗೆದುಬಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಪವರ್ ಆಪ್ಷನ್ಸ್', ಅದರೊಳಗೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡು', ಅಲ್ಲಿ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿ. ಕೆಳಗೆ ಫಾಸ್ಟ್ ಸ್ಟಾರ್ಟಪ್ ಗುರುತು ತೆಗೆದು ಸೇವ್ ಮಾಡಿ. ಆನ್ ಆಗೋಕೆ ಕೆಲವು ಸೆಕೆಂಡ್ ಜಾಸ್ತಿ ಹಿಡಿಯಬಹುದು. ನನಗೆ ಅದು ಒಪ್ಪಿಗೆ.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ನಮ್ಮ ಟಾಸ್ಕ್ ಓಡುವ ಕೆಲವು ಸೆಕೆಂಡ್ ಮೊದಲೇ ವೈಫೈ ಎದ್ದು ಗೊತ್ತಿರುವ ನೆಟ್‌ವರ್ಕಿಗೆ ಸೇರಿಕೊಳ್ಳಬಹುದು. ಇದನ್ನು ಮುಚ್ಚೋದು ಸುಲಭ. ವೈಫೈ ಸೆಟ್ಟಿಂಗ್‌ನಲ್ಲಿ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ತೆರೆದು, ಒಂದೊಂದೇ ನೆಟ್‌ವರ್ಕ್ ಒತ್ತಿ, 'ಕನೆಕ್ಟ್ ಆಟೊಮ್ಯಾಟಿಕಲಿ' ಅನ್ನುವುದನ್ನು ತೆಗೆಯಿರಿ. ಆಗ ಆ ಸಂದಿನಲ್ಲಿ ರೇಡಿಯೊ ಎದ್ದಿದ್ದರೂ ಯಾರ ಮನೆಗೂ ನುಗ್ಗುವುದಿಲ್ಲ. ಹಳೆಯ, ಮತ್ತೆ ಹೋಗದ ಜಾಗಗಳ ನೆಟ್‌ವರ್ಕ್‌ಗಳು ಕಂಡರೆ 'ಫರ್ಗೆಟ್' ಒತ್ತಿ ಅಳಿಸಿಬಿಡಿ. ಡೇಟಾ ಖರ್ಚಿನ ಭಯಕ್ಕೆ ಮಾತ್ರ ನೀವು ಇದನ್ನೆಲ್ಲ ಮಾಡುತ್ತಿದ್ದರೆ, ಫೋನಿನ ಹಾಟ್‌ಸ್ಪಾಟ್ ಒಂದಕ್ಕೆ ಈ ಗುರುತು ತೆಗೆದರೂ ಕೆಲಸ ಮುಗಿಯಬಹುದು.

ವೈಫೈ ಮತ್ತೆ ಬೇಕಾದಾಗ ಏನು ಮಾಡಬೇಕು? ಅಡಾಪ್ಟರೇ ಆಫ್ ಆಗಿರುವುದರಿಂದ ಮೂಲೆಯ ಐಕಾನಿನಲ್ಲಿ ವೈಫೈ ಬಟನ್ ಕಾಣದೇ ಹೋಗಬಹುದು. ಗಾಬರಿ ಬೇಡ. ಮೊದಲ ಹೆಜ್ಜೆಯ ಕಿಟಕಿ ತೆರೆದು, ಬೂದಿಯಾಗಿರುವ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ 'ಎನೇಬಲ್' ಒತ್ತಿ. ದಿನವೂ ಬೇಕಾಗುತ್ತದೆ ಅಂದ್ರೆ ಇನ್ನೊಂದು ಟಾಸ್ಕ್ ಮಾಡಿಟ್ಟುಕೊಳ್ಳಿ. ಎಲ್ಲ ಹಾಗೇ, ಆದರೆ ಟ್ರಿಗರ್ ಇಲ್ಲ, ಕಮಾಂಡಿನ ಕೊನೆಯ ಪದ 'ಎನೇಬಲ್ಡ್'. ಬೇಕಾದಾಗ ಅದರ ಮೇಲೆ ಬಲ ಕ್ಲಿಕ್ ಮಾಡಿ 'ರನ್' ಅಂದರೆ ಆಯಿತು.

ಬ್ಲೂಟೂತ್‌ಗೆ ಈ ಕಮಾಂಡ್ ಸಾಲದು. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಬ್ಲೂಟೂತ್' ಸಾಲು ಬಿಡಿಸಿ, ಚಿಪ್ ಮಾಡಿದವರ ಹೆಸರಿರುವ ಸಾಲು ಹುಡುಕಿ: ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್, ಹೀಗೆ. ಅದರ ಮೇಲೆ ಬಲ ಕ್ಲಿಕ್ ಮಾಡಿ 'ಡಿಸೇಬಲ್ ಡಿವೈಸ್' ಕೊಡಿ. 'ಎನ್ಯುಮರೇಟರ್' ಅಂತ ಬರೆದಿರುವ ಸಾಲುಗಳನ್ನು ಮುಟ್ಟಬೇಡಿ. ಹೀಗೆ ಆಫ್ ಮಾಡಿದ್ದು ರೀಸ್ಟಾರ್ಟ್ ಆದ ಮೇಲೂ ಆಫ್ ಇರುತ್ತದೆ, ನೀವೇ ಎನೇಬಲ್ ಮಾಡುವ ತನಕ.

'ಸರ್ವೀಸಸ್' ಪಟ್ಟಿಯಲ್ಲಿ 'ಡಬ್ಲ್ಯುಲ್ಯಾನ್ ಆಟೊಕಾನ್ಫಿಗ್' ನಿಲ್ಲಿಸಿ ಅಂತಲೂ ಕೆಲವರು ಹೇಳುತ್ತಾರೆ. ನಾನು ಅದನ್ನು ಸೂಚಿಸುವುದಿಲ್ಲ. ವೈಫೈ ಸಂಪರ್ಕ ನಿಲ್ಲುತ್ತದೆ, ನಿಜ. ಆದರೆ ಚಿಪ್ ಆಫ್ ಆಯಿತು ಅಂತ ಅರ್ಥವಲ್ಲ. ಆರು ತಿಂಗಳಾದ ಮೇಲೆ ವೈಫೈ ಬೇಕಾದಾಗ ಯಾಕೆ ಬರುತ್ತಿಲ್ಲ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಬೀಗ: ಬಯೋಸ್‌ನಲ್ಲಿ ಮುಚ್ಚೋದು

ಇಂಟರ್ನೆಟ್ ಸೋಕಬಾರದ ಯಂತ್ರಕ್ಕೆ ಇದೇ ಸರಿ. ಆದರೆ ಬಯೋಸ್ ಮುಟ್ಟುವ ಮೊದಲು ಡಿಸ್ಕ್ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದಲಾಗದ ಹಾಗೆ ಇಡೋದು) ವಿಚಾರ ನೋಡಿಕೊಳ್ಳಬೇಕು. ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ, ಬಯೋಸ್‌ನಲ್ಲಿ ಏನಾದರೂ ಬದಲಾದಾಗ ಕೆಲವೊಮ್ಮೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇವ್ ಆಗಿರುತ್ತದೆ. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಡಿ. ಕೀ ಕೇಳುವ ಪರದೆ ಬಂದಾಗ ನಿಮ್ಮ ಕೈಯಲ್ಲಿ ಆ ಕಾಗದ ಇರಬೇಕು.

ಆಮೇಲೆ ಬಯೋಸ್‌ಗೆ ಹೋಗಿ. ಆನ್ ಮಾಡಿದ ತಕ್ಷಣ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಕೀಯನ್ನು ಒತ್ತುತ್ತಾ ಇರಿ. ಉಳಿದ ಬಹಳಷ್ಟರಲ್ಲಿ ಎಫ್2 ಇಲ್ಲಾ ಡಿಲೀಟ್ ಕೀ. ಕೀ ಹಿಡಿಯೋಕೆ ಆಗದಿದ್ದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, 'ಅಡ್ವಾನ್ಸ್ಡ್ ಸ್ಟಾರ್ಟಪ್' ಮೂಲಕ ಹೋಗಿ 'ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್' ಆರಿಸಬಹುದು.

ಒಳಗೆ ಹೋದ ಮೇಲೆ ಹೆಸರುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಡೆಲ್‌ನ ಎಷ್ಟೋ ಮಾಡೆಲ್‌ಗಳಲ್ಲಿ 'ವೈರ್‌ಲೆಸ್' ಅಂತಲೇ ಒಂದು ಭಾಗ ಇರುತ್ತದೆ. ಥಿಂಕ್‌ಪ್ಯಾಡ್‌ನಲ್ಲಿ 'ಸೆಕ್ಯುರಿಟಿ' ಒಳಗೆ 'ಐ/ಒ ಪೋರ್ಟ್ ಆ್ಯಕ್ಸೆಸ್' ನೋಡಿ. ಎಚ್‌ಪಿಯ ಆಫೀಸ್ ಮಾಡೆಲ್‌ಗಳಲ್ಲಿ 'ಬಿಲ್ಟ್-ಇನ್ ಡಿವೈಸ್ ಆಪ್ಷನ್ಸ್'. ವೈರ್‌ಲೆಸ್ ಲ್ಯಾನ್, ಬ್ಲೂಟೂತ್, ಡಬ್ಲ್ಯುವ್ಯಾನ್ ಅಂತ ಬೇರೆ ಬೇರೆ ಇರುತ್ತವೆ. ಡಬ್ಲ್ಯುವ್ಯಾನ್ ಅಂದ್ರೆ ಸಿಮ್ ಹಾಕುವ ಮೊಬೈಲ್ ಡೇಟಾ. ಬೇಡದವನ್ನು ಡಿಸೇಬಲ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಬೇರೆಯವರೂ ಬಳಸುವ ಯಂತ್ರ ಆದರೆ ಬಯೋಸ್‌ಗೆ ಪಾಸ್‌ವರ್ಡ್ ಇಡಿ, ಇಲ್ಲದಿದ್ದರೆ ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ. ಆ ಪಾಸ್‌ವರ್ಡ್ ಮರೆತರೆ ತೆಗೆಸೋದು ಬಹಳ ಕಷ್ಟ. ಅದನ್ನೂ ಅದೇ ಕಾಗದದ ಮೇಲೆ ಬರೆಯಿರಿ.

ಕೆಲವು ಬಯೋಸ್‌ಗಳಲ್ಲಿ ಇನ್ನೊಂದು ಒಳ್ಳೆಯ ಆಯ್ಕೆ ಸಿಗುತ್ತದೆ. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದಾಗ ವೈಫೈ ತಾನಾಗಿ ಆಫ್ ಆಗುವಂತೆ ಮಾಡೋದು. ಎಚ್‌ಪಿ ಇದನ್ನು 'ಲ್ಯಾನ್/ಡಬ್ಲ್ಯುಲ್ಯಾನ್ ಆಟೊ ಸ್ವಿಚಿಂಗ್' ಅನ್ನುತ್ತದೆ. ಕೇಬಲ್ ಇದ್ದಾಗ ವೈಫೈ ಯಾಕೆ ಅನ್ನುವವರಿಗೆ ಇಷ್ಟೇ ಸಾಕು.

ಲಿನಕ್ಸ್ ಬಳಸುವವರಿಗೆ

ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಕೊಟ್ಟು ನೋಡಿ. ಪ್ರತಿ ರೇಡಿಯೊ ಕೆಳಗೂ ಎರಡು ಸಾಲು ಬರುತ್ತವೆ: 'ಸಾಫ್ಟ್ ಬ್ಲಾಕ್ಡ್', 'ಹಾರ್ಡ್ ಬ್ಲಾಕ್ಡ್'. ಸಾಫ್ಟ್ ಅಂದ್ರೆ ಸಾಫ್ಟ್‌ವೇರ್ ಮುಚ್ಚಿದ್ದು. ಹಾರ್ಡ್ ಅಂದ್ರೆ ಸ್ವಿಚ್ ಇಲ್ಲಾ ಬಯೋಸ್ ಮುಚ್ಚಿದ್ದು, ಅದನ್ನು ಕಮಾಂಡಿನಿಂದ ತೆಗೆಯೋಕೆ ಆಗೋದಿಲ್ಲ.

'ಆರ್‌ಎಫ್‌ಕಿಲ್ ಬ್ಲಾಕ್ ಆಲ್' ಅಂದರೆ ಎಲ್ಲ ರೇಡಿಯೊ ಒಂದೇ ಏಟಿಗೆ ಆಫ್. ಸಿಸ್ಟಮ್‌ಡಿ (ಬೂಟ್ ಆಗುವಾಗ ಸರ್ವೀಸ್‌ಗಳನ್ನು ಶುರು ಮಾಡುವ ವ್ಯವಸ್ಥೆ) ಇರುವ ಲಿನಕ್ಸ್‌ಗಳಲ್ಲಿ ಈ ಸ್ಥಿತಿ ಡಿಸ್ಕಿನಲ್ಲಿ ಸೇವ್ ಆಗಿ ಮುಂದಿನ ಬೂಟ್‌ಗೆ ಮರಳಿ ಬರುತ್ತದೆ. ಅಂದ್ರೆ ಇದು ನೆನಪಿನ ದಾರಿ. ನಿಯಮ ಬೇಕಿದ್ದರೆ ಇದೇ ಕಮಾಂಡ್ ಓಡಿಸುವ ಒಂದು ಚಿಕ್ಕ ಸಿಸ್ಟಮ್‌ಡಿ ಸರ್ವೀಸ್ ಬರೆದು ಎನೇಬಲ್ ಮಾಡಿ. ಟೈಪ್ 'ಒನ್‌ಶಾಟ್' ಇರಲಿ. 'ಆಫ್ಟರ್' ಸಾಲಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಮತ್ತು ಬ್ಲೂಟೂತ್ ಸರ್ವೀಸ್‌ಗಳ ಹೆಸರು ಇರಲಿ. ಈ ಸಾಲು ಯಾಕೆ ಮುಖ್ಯ ಅಂದ್ರೆ, ನೆಟ್‌ವರ್ಕ್ ಮ್ಯಾನೇಜರ್‌ಗೂ ವೈಫೈ ಆನ್ ಇತ್ತೋ ಆಫ್ ಇತ್ತೋ ಅನ್ನುವ ಸ್ವಂತ ನೆನಪಿದೆ. ಎರಡು ನೆನಪು ಇದ್ದ ಕಡೆ ಕೊನೆಗೆ ಮಾತಾಡಿದವರ ಮಾತು ನಡೆಯುತ್ತದೆ. ನಮ್ಮ ಸರ್ವೀಸ್ ಕೊನೆಗೆ ಮಾತಾಡಲಿ.

'ಎನ್‌ಎಂಸಿಎಲ್‌ಐ ರೇಡಿಯೊ ಆಲ್ ಆಫ್' ಅನ್ನುವ ಕಮಾಂಡ್ ಕೂಡ ಇದೆ. ಅದರಲ್ಲಿರುವ 'ಆಲ್' ಓದಿ ಮೋಸ ಹೋಗಬೇಡಿ. ವೈಫೈ ಮತ್ತು ಮೊಬೈಲ್ ಡೇಟಾ ಮಾತ್ರ ಅದರ ಲೆಕ್ಕಕ್ಕೆ ಬರುತ್ತವೆ, ಬ್ಲೂಟೂತ್ ಇಲ್ಲ. ಬ್ಲೂಟೂತ್ ನಿಲ್ಲಿಸಲು ಇಟಿಸಿ ಫೋಲ್ಡರಿನ ಬ್ಲೂಟೂತ್ ಒಳಗಿರುವ 'ಮೇನ್ ಡಾಟ್ ಕಾನ್ಫ್' ಫೈಲ್ ತೆರೆದು, 'ಪಾಲಿಸಿ' ಭಾಗದಲ್ಲಿ 'ಆಟೊಎನೇಬಲ್' ಅನ್ನು 'ಫಾಲ್ಸ್' ಮಾಡಿ. ಲಿನಕ್ಸ್‌ನ ಬ್ಲೂಟೂತ್ ಸಾಫ್ಟ್‌ವೇರ್ ಆದ ಬ್ಲೂಝಡ್‌ನ 5.65ನೇ ಆವೃತ್ತಿಯಿಂದ ಇದು ಮೊದಲೇ 'ಟ್ರೂ' ಆಗಿರುತ್ತದೆ. ಅಪ್‌ಡೇಟ್ ಆದ ಮೇಲೆ ಬ್ಲೂಟೂತ್ ತಾನಾಗಿ ಏಳೋಕೆ ಶುರುವಾಯಿತು ಅಂದ್ರೆ ಕಾರಣ ಇದೇ ಇರಬಹುದು. ಬ್ಯಾಟರಿ ಉಳಿಸುವ ಟಿಎಲ್‌ಪಿ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ ಇಷ್ಟೆಲ್ಲ ಕಷ್ಟವಿಲ್ಲ. ಅದರ ಕಾನ್ಫಿಗ್ ಫೈಲಿನಲ್ಲಿ ಬೂಟ್ ಆಗುವಾಗ ಯಾವ ರೇಡಿಯೊ ಆಫ್ ಇರಬೇಕು ಅಂತ ಬರೆಯುವ ಸಾಲೇ ಇದೆ.

ಮ್ಯಾಕ್ ಇದ್ದವರಿಗೆ

ಮ್ಯಾಕ್‌ನಲ್ಲಿ ಏರೋಪ್ಲೇನ್ ಮೋಡ್ ಇಲ್ಲ. ಕಂಟ್ರೋಲ್ ಸೆಂಟರ್‌ನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಬೇರೆ ಬೇರೆಯಾಗಿ ಆಫ್ ಮಾಡಬೇಕು. ರೀಸ್ಟಾರ್ಟ್ ಆದರೂ ಹಾಗೇ ಇರುತ್ತವೆ. ಏರ್‌ಡ್ರಾಪ್, ಹ್ಯಾಂಡಾಫ್ ಆಗ ಕೆಲಸ ಮಾಡುವುದಿಲ್ಲ. ನೆಟ್‌ವರ್ಕ್‌ಗಳಿಗೆ 'ಆಟೊ-ಜಾಯಿನ್' ತೆಗೆದಿಟ್ಟರೆ ಮರೆತು ಆನ್ ಬಿಟ್ಟಾಗಲೂ ಕಾವಲು ಇರುತ್ತದೆ.

ನಿಜವಾಗಿ ಆಫ್ ಇದೆಯಾ ಅಂತ ನೋಡೋದು ಹೇಗೆ

ಪರೀಕ್ಷೆ ಮಾಡುವಾಗ ಬರೀ ಮುಚ್ಚಳ ಮುಚ್ಚಿ ತೆರೆಯಬೇಡಿ. ಅದು ನಿದ್ದೆ, ಶಟ್‌ಡೌನ್ ಅಲ್ಲ. ನಿದ್ದೆಯಿಂದ ಎದ್ದಾಗ ನಮ್ಮ ಟಾಸ್ಕ್ ಓಡುವುದಿಲ್ಲ. ಮೇಲಾಗಿ ಈಗಿನ ಕೆಲವು ಲ್ಯಾಪ್‌ಟಾಪ್‌ಗಳು ನಿದ್ದೆಯಲ್ಲೂ ವೈಫೈ ಹಿಡಿದುಕೊಂಡೇ ಇರುತ್ತವೆ. ರೀಸ್ಟಾರ್ಟ್ ಒಂದು ಸಲ, ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡೋದು ಒಂದು ಸಲ, ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಒಂದು ಸಲ. ಮೂರನ್ನೂ ಮಾಡಿ. ಪರೀಕ್ಷೆಗೆ ಮೊದಲು ವೈಫೈ ಬೇಕಂತಲೇ ಆನ್ ಮಾಡಿಟ್ಟು ಶಟ್‌ಡೌನ್ ಮಾಡಿ, ಆಗಲೇ ನಿಯಮ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗೋದು.

ಆನ್ ಆದ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಇಂಟರ್ಫೇಸಸ್' ಕೊಡಿ. ಏರೋಪ್ಲೇನ್ ಮೋಡ್ ಬಳಸಿದ್ದರೆ ರೇಡಿಯೊ ಸ್ಥಿತಿಯ ಸಾಲಿನಲ್ಲಿ 'ಹಾರ್ಡ್‌ವೇರ್ ಆನ್, ಸಾಫ್ಟ್‌ವೇರ್ ಆಫ್' ಅಂತ ಬರುತ್ತದೆ. ಅಡಾಪ್ಟರನ್ನೇ ಆಫ್ ಮಾಡಿದ್ದರೆ ಈ ಯಂತ್ರದಲ್ಲಿ ವೈರ್‌ಲೆಸ್ ಇಂಟರ್ಫೇಸೇ ಇಲ್ಲ ಅನ್ನುವ ಒಂದು ಸಾಲಿನ ಉತ್ತರ ಬರುತ್ತದೆ. ಬ್ಲೂಟೂತ್‌ಗೆ ಫೋನ್ ಸಾಕು. ಲ್ಯಾಪ್‌ಟಾಪ್‌ನ ಬ್ಲೂಟೂತ್ ಸೆಟ್ಟಿಂಗ್ ಪುಟ ತೆರೆದಿಟ್ಟು, ಫೋನಿನಲ್ಲಿ ಹೊಸ ಸಾಧನ ಹುಡುಕಿ. ಹೆಸರು ಬರಬಾರದು.

ಲಾಗಿನ್ ಮೊದಲಿನ ಆ ಕೆಲವು ಸೆಕೆಂಡುಗಳಲ್ಲಿ ಏನಾಯಿತು ಅಂತ ನೋಡಲು ಇನ್ನೊಂದು ಕಮಾಂಡ್ ಇದೆ. ಅಡ್ಮಿನ್ ಆಗಿ ತೆರೆದ ಪ್ರಾಂಪ್ಟ್‌ನಲ್ಲಿ 'ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್' ಕೊಟ್ಟರೆ ಕಳೆದ 3 ದಿನಗಳ ವೈಫೈ ವರದಿ ಒಂದು ವೆಬ್ ಪುಟವಾಗಿ ತಯಾರಾಗುತ್ತದೆ. ಪುಟ ಎಲ್ಲಿ ಸೇವ್ ಆಯಿತು ಅಂತ ಅದೇ ಹೇಳುತ್ತದೆ. ತೆರೆದರೆ ಮೇಲೆ ಒಂದು ನಕ್ಷೆ, ಕೆಳಗೆ ಯಾವ ಹೊತ್ತಿಗೆ ಯಾವ ನೆಟ್‌ವರ್ಕಿಗೆ ಸೇರಿತ್ತು ಅನ್ನುವ ವಿವರ. ನೀವು ಲ್ಯಾಪ್‌ಟಾಪ್ ಆನ್ ಮಾಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡು ಅಲ್ಲಿ ಹುಡುಕಿ. ಆ ನಿಮಿಷದಲ್ಲಿ ಯಾವ ಸಂಪರ್ಕವೂ ಇಲ್ಲದಿದ್ದರೆ ನಿಮ್ಮ ಸೆಟ್ಟಿಂಗ್ ಸರಿಯಾಗಿ ಕೂತಿದೆ. ದೊಡ್ಡ ವಿಂಡೋಸ್ ಅಪ್‌ಡೇಟ್ ಇಲ್ಲಾ ಹೊಸ ವೈಫೈ ಡ್ರೈವರ್ ಬಂದಾಗ ಅಡಾಪ್ಟರ್ ಹೆಸರು ಬದಲಾಗಬಹುದು, ಆಫ್ ಮಾಡಿದ್ದು ಮತ್ತೆ ಆನ್ ಆಗಬಹುದು. ಅವತ್ತು ಈ ವರದಿಯನ್ನು ಇನ್ನೊಂದು ಸಲ ತೆಗೆದು ನೋಡಿ.